ಅದೃಶ್ಯ ಸಾಲಿನ ಪೂರ್ವೇತಿಹಾಸ

ಸೀಮೆಎಣ್ಣೆಯ ಗಾಡಿಯು ಹತ್ತು ಗಂಟೆಗೆ ಮುಂಚೆ ಬರುವುದಿಲ್ಲವೆಂಬುದು ಬಡಾವಣೆಗೆಲ್ಲ ತಿಳಿದಿದ್ದರೂ, ನಸುಕು ಹರಿಯುವುದಕ್ಕೆ ಮೊದಲೇ ನ್ಯಾಯಬೆಲೆ ಅಂಗಡಿಯ ಜಗಲಿಯಿಂದ ಮೊದಲ್ಗೊಂಡು ಬೀದಿಯ ತಿರುವಿನವರೆಗೆ ಡಬ್ಬಗಳು ಸಾಲುಗೂಡಿ ನಿಂತಿರುತ್ತಿದ್ದ ಕಾಲವೊಂದು ನಮ್ಮ ಊರುಗಳಲ್ಲಿ ಇದ್ದಿತು. ಹಿಡಿ ಮುರಿದ ತಗಡಿನ ಡಬ್ಬ, ಯಜಮಾನನ ಇನಿಷಿಯಲ್ಲನ್ನು ಬಣ್ಣದಲ್ಲಿ ಬರೆಸಿಕೊಂಡ ಪ್ಲಾಸ್ಟಿಕ್ ಕ್ಯಾನು, ಡಬ್ಬವನ್ನು ಬೀದಿಯಲ್ಲಿ ಬಿಟ್ಟುಹೋಗಲು ಧೈರ್ಯವಿಲ್ಲದವರು ಅದರ ಬದಲಿಗೆ ಇರಿಸಿದ ಇಟ್ಟಿಗೆ, ಒಂಟಿ ಚಪ್ಪಲಿ, ಗಾಳಿಗೆ ಹಾರದಂತೆ ಕಲ್ಲು ಹೇರಿಸಿಕೊಂಡ ಕೈಚೀಲ, ಇವೆಲ್ಲವೂ ತಮ್ಮ ತಮ್ಮ ಒಡೆಯರ ಪ್ರತಿನಿಧಿಗಳಾಗಿ ಮೌನವಾಗಿ ಪಾಳಿ ಕಾಯುತ್ತಿದ್ದವು. ಒಡೆಯರಾದರೋ ಮನೆಗೆ ಹೋಗಿ ಒಲೆ ಹಚ್ಚಿ, ಮಕ್ಕಳನ್ನು ಸ್ಕೂಲಿಗೆ ಕಳುಹಿಸಿ, ಗಾಡಿಯ ಸದ್ದು ಕೇಳಿದೊಡನೆ ಸೆರಗು ಸಿಕ್ಕಿಸಿಕೊಂಡು ಓಡಿಬರುತ್ತಿದ್ದರು. ಆ ಇಟ್ಟಿಗೆಗೆ ಆ ಸ್ಥಾನದ ಮೇಲೆ ಹಕ್ಕುಂಟೆಂದು ಯಾವ ಶಾಸನವೂ ಹೇಳಿರಲಿಲ್ಲ. ಹಿಂದಿನ ಡಬ್ಬದಾಕೆ “ಹೌದು ಕಣಮ್ಮ, ಅದು ಅವರದೇ, ನಾನು ಬಂದಾಗಲೇ ಇತ್ತು” ಎಂದು ಸಾಕ್ಷಿ ನುಡಿಯುವವರೆಗೆ ಮಾತ್ರ ಅದು ಊರ್ಜಿತವಾಗಿರುತ್ತಿದ್ದಿತು. ಆಕೆ ಬಾಯಿ ಮುಚ್ಚಿಕೊಂಡರೆ ಇಟ್ಟಿಗೆ ಬರಿಯ ಇಟ್ಟಿಗೆಯೇ.

ಬೇಡಿಕೆ ಅಪಾರವಾಗಿಯೂ ಸರಕು ಅಲ್ಪವಾಗಿಯೂ ಇರುವ ಮಾರಾಟಗಳಿಗಾಗಿ ಇಂದು ಅಂತರ್ಜಾಲದ ಮಳಿಗೆಗಳು ನಿರ್ಮಿಸಿಕೊಳ್ಳುವ ನಿರೀಕ್ಷಣಾ ಸಾಲು, ಅಂದರೆ ಹೊಸ ಫೋನಿಗೋ ಸಂಗೀತ ಕಚೇರಿಯ ಟಿಕೆಟ್ಟಿಗೋ ಲಕ್ಷಾಂತರ ಜನ ಏಕಕಾಲಕ್ಕೆ ಮುಗಿಬಿದ್ದಾಗ ಅವರನ್ನು ಬಾಗಿಲ ಹೊರಗೆ ತಡೆದು, ಒಂದೊಂದು ಸಂಖ್ಯೆಯನ್ನು ಕೈಗಿತ್ತು, ಅಷ್ಟಷ್ಟಾಗಿ ಒಳಬಿಡುವ ಏರ್ಪಾಡು, ಹುಟ್ಟಿ ಎರಡು ದಶಕವೂ ತುಂಬಿರದ ವಸ್ತು. ಆದರೆ ವಸ್ತು ಹೊಸದಾದರೂ ವಂಶ ಹಳೆಯದು. ತಾನು ಅಲ್ಲಿಲ್ಲದೆಯೂ ತನ್ನ ಸ್ಥಾನವು ಅಲ್ಲಿ ಉಳಿದಿರಬೇಕೆಂಬ ಆಕಾಂಕ್ಷೆ ಆ ಇಟ್ಟಿಗೆಯಲ್ಲಿಯೇ ಪೂರ್ಣವಾಗಿ ಪ್ರಕಟವಾಗಿದ್ದಿತು. ಉಳಿದದ್ದೆಲ್ಲ ಸಾಕ್ಷಿ ನುಡಿಯುವವರು ಯಾರೆಂಬ ಪ್ರಶ್ನೆಯ ಇತಿಹಾಸ.

ನಮ್ಮ ದೇಶದ ನಗರಗಳಿಗೆ ಸಾಲಿನ ಶಿಸ್ತನ್ನು ಕಲಿಸಿದುದು ನಾಗರಿಕತೆಯಲ್ಲ, ಅಭಾವ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಮುಂಬಯಿಯಲ್ಲಿ ಧಾನ್ಯದ ರೇಷನ್ ಜಾರಿಗೆ ಬಂದಿತು. ಬೆಂಗಳೂರು ಮೈಸೂರುಗಳ ಜನರೂ ಆ ಯುದ್ಧಕಾಲದಲ್ಲಿಯೇ ಕಾರ್ಡು ಹಿಡಿದು ನಿಲ್ಲುವುದನ್ನು ಅಭ್ಯಾಸಮಾಡಿಕೊಂಡರು. ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳಲ್ಲಿ ಕಾಲಿನ ಸಾಲಿನೊಡನೆ ಮತ್ತೊಂದು ಬಗೆಯ ಸಾಲು ಬೆಳೆದುಬಂದಿತು. ಅದು ಕಾಗದದ ಸಾಲು. ಸ್ಕೂಟರಿಗೆ ಹಣ ಕಟ್ಟಿ ರಸೀದಿ ಪಡೆದವನು ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಅಡುಗೆ ಅನಿಲದ ಸಂಪರ್ಕಕ್ಕೆ ಹೆಸರು ಬರೆಸಿದ ಗೃಹಿಣಿ ತನ್ನ ಕ್ರಮಸಂಖ್ಯೆಯನ್ನು ದೇವರ ನಾಮದಂತೆ ಬಾಯಿಪಾಠ ಮಾಡಿಕೊಂಡಿರುತ್ತಿದ್ದಳು. ಇದರ ವಿನೋದವು ಬೆಂಗಳೂರಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಂಡಿರಲಾರದು. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇದೇ ನಗರದ ದೂರವಾಣಿನಗರದಲ್ಲಿ ದೇಶಕ್ಕೆಲ್ಲ ಫೋನುಗಳನ್ನು ತಯಾರಿಸುತ್ತಿದ್ದಿತು. ಆ ಕಾರ್ಖಾನೆಯ ಸೈರನ್ ಕೇಳುವ ದೂರದಲ್ಲಿಯೇ ವಾಸವಾಗಿದ್ದವನು ತನ್ನ ಮನೆಗೊಂದು ಫೋನು ಬರಲೆಂದು ವರ್ಷಗಳನ್ನು ಎಣಿಸುತ್ತಿದ್ದನು.

ಕಾಗದದ ಸಾಲಿಗೆ ಒಂದು ಸೌಕರ್ಯ ಉಂಟು: ಕಾಲು ನೋಯುವುದಿಲ್ಲ. ಒಂದು ದೋಷವೂ ಉಂಟು: ಮುಂದೆ ಯಾರಿದ್ದಾರೆಂಬುದು ಕಾಣುವುದಿಲ್ಲ. ಕಾಣದ ಸಾಲಿನಲ್ಲಿ ಮುಂದೆ ಹೋಗುವವರ ದಾರಿಯೂ ಕಾಣದು. ಫೋನಿನ ವಿಷಯದಲ್ಲಿ ಸರ್ಕಾರವೇ ಈ ದಾರಿಗೆ ಬಾಗಿಲಿರಿಸಿದ್ದಿತು. ‘ಓನ್ ಯುವರ್ ಟೆಲಿಫೋನ್’ ಎಂಬ ಯೋಜನೆಯಲ್ಲಿ ಹೆಚ್ಚಿನ ಠೇವಣಿ ಇಟ್ಟವನಿಗೆ ಬೇರೆಯೇ ಆದ, ಗಿಡ್ಡನೆಯ ಪಟ್ಟಿ. ಟ್ರಂಕ್ ಕಾಲ್ ಬುಕ್ ಮಾಡುವವನನ್ನು ಆಪರೇಟರು ಕೇಳುತ್ತಿದ್ದ ಮೊದಲ ಪ್ರಶ್ನೆಯೂ ಅದೇ ಜಾತಿಯದು: ಆರ್ಡಿನರಿಯೋ, ಅರ್ಜೆಂಟೋ, ಲೈಟ್ನಿಂಗೋ? ಸಾವಿನ ಸುದ್ದಿಗೂ ವ್ಯಾಪಾರದ ಸುದ್ದಿಗೂ ಅಲ್ಲಿ ಭೇದವಿರಲಿಲ್ಲ. ತೆತ್ತ ದುಡ್ಡಿಗೆ ತಕ್ಕ ತ್ವರೆ. ಸಾಲನ್ನು ಸ್ಥಾಪಿಸಿದ ಹಸ್ತವೇ ಸಾಲನ್ನು ದಾಟುವ ಟಿಕೆಟ್ಟನ್ನೂ ಮಾರುವ ಸಂಪ್ರದಾಯ ಇಂದಿನ ‘ಪ್ರೀಮಿಯಂ’ ಸದಸ್ಯತ್ವಗಳೊಡನೆ ಹುಟ್ಟಿದ್ದಲ್ಲವೆಂಬುದನ್ನು ನೆನೆದರೆ, ಇಂದಿನವರ ಮೇಲಿನ ನಮ್ಮ ಕೋಪ ಕೊಂಚ ತಣ್ಣಗಾದೀತು. ಪ್ರಾಸಂಗಿಕವಾಗಿ ಒಂದು ಮಾತು: ಆ ದೂರವಾಣಿಯ ಸಾಲು ಕರಗಲಾರಂಭಿಸಿದುದರಲ್ಲಿ ಕನ್ನಡನಾಡಿನ ಒಂದು ಸಣ್ಣ ಊರಿನ ಪಾತ್ರವೂ ಉಂಟು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ತಾನು ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವನ್ನು ಮೊತ್ತಮೊದಲಿಗೆ, 1986ರಲ್ಲಿ, ಕೂರಿಸಿದುದು ಕಿತ್ತೂರಿನಲ್ಲಿ.

ಸಿನಿಮಾ ಟಿಕೆಟ್ಟಿನ ಸಾಲನ್ನು ಕುರಿತು ಬರೆಯಹೊರಟರೆ ಅದೇ ಒಂದು ಪ್ರಬಂಧವಾಗುವುದು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಗಳು ಒತ್ತೊತ್ತಾಗಿ ನಿಂತಿದ್ದ ದಿನಗಳಲ್ಲಿ, ಗಾಂಧಿ ಕ್ಲಾಸಿನ, ಅಂದರೆ ಎಲ್ಲಕ್ಕೂ ಅಗ್ಗದ ದರ್ಜೆಯ, ಟಿಕೆಟ್ ಬಯಸುವವನು ಒಬ್ಬನೇ ಹಾಯಬಹುದಾದಷ್ಟು ಇಕ್ಕಟ್ಟಾದ, ಎರಡು ಕಡೆಗೂ ಕಬ್ಬಿಣದ ಸರಳು ಹಾಕಿದ ಓಣಿಯೊಳಗೆ ನುಗ್ಗಬೇಕಾಗಿದ್ದಿತು. ಒಳಗೆ ಹೊಕ್ಕವನು ಟಿಕೆಟ್ ಕೊಂಡೇ ಹೊರಬರಬೇಕಲ್ಲದೆ ಹಿಂದಿರುಗುವಂತಿರಲಿಲ್ಲ. ಗೋಡೆಯಲ್ಲಿ ಕೈ ತೂರುವಷ್ಟೇ ಅಗಲದ ಒಂದು ಕಿಂಡಿ. ಒಳಗಿನ ಮುಖ ಕಾಣದು. ಹಣ ಹಿಡಿದ ಮುಷ್ಟಿ ಒಳಗೆ ಹೋಗಿ ಟಿಕೆಟ್ಟು ಹಿಡಿದ ಮುಷ್ಟಿಯಾಗಿ ಹೊರಗೆ ಬರುತ್ತಿದ್ದಿತು. 1972ರಲ್ಲಿ ಬಿಡುಗಡೆಯಾಗಿ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆದ ‘ಬಂಗಾರದ ಮನುಷ್ಯ’ದಂಥ ಚಿತ್ರಕ್ಕೆ ಈ ಓಣಿಯೊಳಗೆ ನಿಂತವರೆಷ್ಟು ಮಂದಿಯೋ! ಹೊರಗೆ ‘ಹೌಸ್‌ಫುಲ್’ ಫಲಕ ಬಿದ್ದ ಮರುಕ್ಷಣವೇ ಪಕ್ಕದ ಬೀಡಾ ಅಂಗಡಿಯ ಬಳಿ ಮೆಲುದನಿಯ ವ್ಯಾಪಾರ ಆರಂಭವಾಗುತ್ತಿದ್ದಿತು. ಬ್ಲ್ಯಾಕಿನಲ್ಲಿ ಮಾರುವವನು ಹತ್ತು ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿ, ಅವರು ತಂದ ಟಿಕೆಟ್ಟುಗಳನ್ನು ಕೂಡಿಹಾಕುತ್ತಿದ್ದನು. ಈ ಹತ್ತು ಹುಡುಗರನ್ನು ಓದುಗರು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಂಡಿರಬೇಕು. ಮುಂದೆ ಅವರು ಬೇರೊಂದು ಅವತಾರದಲ್ಲಿ ಕಾಣಿಸಿಕೊಳ್ಳಲಿದ್ದಾರೆ.

ಆದರೆ ಇಂದಿನ ಅದೃಶ್ಯ ಸಾಲಿಗೆ ನಿಜವಾದ ತವರು ಯಾವುದೆಂದು ನನ್ನನ್ನು ಕೇಳಿದರೆ, ದಕ್ಷಿಣದವನಾದ ನಾನು ತಿರುಮಲೆಯತ್ತ ಬೆರಳು ತೋರುವೆನು. ಸ್ವಾಮಿಯ ಸನ್ನಿಧಿ ಕಿರಿದು, ಅಲ್ಲಿ ನಿಲ್ಲಬಹುದಾದ ಹೊತ್ತು ಕ್ಷಣಮಾತ್ರ, ಬರುವವರು ಅಸಂಖ್ಯಾತರು. ಅತಿ ಬೇಡಿಕೆಯ ಮಾರಾಟದಲ್ಲಿ ಇರುವ ಸಮಸ್ಯೆ ಅಲ್ಲಿ ಶತಮಾನಗಳಿಂದ ಇದ್ದೇ ಇದ್ದಿತು. ವೈಕುಂಠಂ ಕ್ಯೂ ಕಾಂಪ್ಲೆಕ್ಸ್ ಕಟ್ಟಿದವರ ಬುದ್ಧಿ ಎಲ್ಲಿ ಪ್ರಕಟವಾಗುತ್ತದೆಂದರೆ, ಅವರು ಸಾಲನ್ನು ಉದ್ದವಾಗಿ ಎಳೆಯಲಿಲ್ಲ, ಕೊಠಡಿಗಳಾಗಿ ಕತ್ತರಿಸಿದರು. ನೂರಾರು ಜನರನ್ನು ಒಂದು ಕಂಪಾರ್ಟ್‌ಮೆಂಟಿನಲ್ಲಿ ಕೂರಿಸಿ, ಹಾಲು ಅನ್ನಗಳನ್ನು ಒದಗಿಸಿ, ಬಾಗಿಲು ಮುಚ್ಚಿ, ಮುಂದಿನ ಕೊಠಡಿ ತೆರವಾದಂತೆಲ್ಲ ಒಂದೊಂದು ತಂಡವನ್ನೇ ಬಿಡುವುದು. ಕುಳಿತವನಿಗೆ ಸರದಿ ತಪ್ಪುವ ಭಯವಿಲ್ಲ, ನೂಕುವವರಿಲ್ಲ. ಕಳೆದ ಶತಮಾನ ಮುಗಿದು ಈ ಶತಮಾನ ತೊಡಗುವ ಹೊತ್ತಿಗೆ ಅಲ್ಲಿ ಸುದರ್ಶನ ಟೋಕನ್ ಎಂಬ ಇನ್ನೊಂದು ಪದ್ಧತಿ ಬಂದಿತು. ಯಾತ್ರಿಕನ ಮುಂಗೈಗೆ ದರ್ಶನದ ಸಮಯ ನಮೂದಿಸಿದ ಪಟ್ಟಿಯೊಂದನ್ನು ಕಟ್ಟಿ, “ಇಂಥ ಹೊತ್ತಿಗೆ ಬನ್ನಿ, ಅಲ್ಲಿಯವರೆಗೆ ಎಲ್ಲಿಯಾದರೂ ಇರಿ” ಎಂದು ಕಳುಹಿಸಿಬಿಡುವುದು. ದೇಹವು ಪಾಪನಾಶನದಲ್ಲಿ ಮೀಯುತ್ತಿರುವಾಗ ಸ್ಥಾನವು ಸಾಲಿನಲ್ಲಿ ಮುಂದೆ ಸರಿಯುತ್ತಿರುವ ಈ ಸೋಜಿಗವೇ ಇಂದಿನ ಮಳಿಗೆಗಳ ‘ವರ್ಚುವಲ್ ಕ್ಯೂ’. ಈಗಲಾದರೋ ಮುನ್ನೂರು ರೂಪಾಯಿಯ ದರ್ಶನ ಟಿಕೆಟ್ಟನ್ನು ಅಂತರ್ಜಾಲದಲ್ಲಿ ಬಿಡುಗಡೆಮಾಡುವ ಬೆಳಿಗ್ಗೆ ದೇವಸ್ಥಾನದ ತಾಣವೇ ಭಕ್ತನನ್ನು ಇಂಥ ಸಾಲಿನಲ್ಲಿ ಕೂರಿಸಿ, ಇನ್ನೆಷ್ಟು ನಿಮಿಷ ಕಾಯಬೇಕೆಂಬುದನ್ನು ತೋರಿಸುತ್ತದೆ.

ಸಾಲಿಗೆ ಗಣಿತ ಉಂಟೆಂದು ಮೊದಲು ಸಾಧಿಸಿ ತೋರಿದವನು ದೂರದ ಡೆನ್ಮಾರ್ಕಿನವನು. ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಆ ಗಣಿತಜ್ಞನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಉದ್ಯೋಗಕ್ಕಿದ್ದು, ಇಷ್ಟು ಜನ ಇಷ್ಟು ಹೊತ್ತು ಮಾತನಾಡುವರಾದರೆ ಎಷ್ಟು ತಂತಿಗಳನ್ನು ಎಳೆಯಬೇಕು, ಕರೆ ಸಿಕ್ಕದೆ ಎಷ್ಟು ಜನ ನಿರಾಶರಾಗುವರು ಎಂಬುದನ್ನು ಸಂಭವನೀಯತೆಯ ಶಾಸ್ತ್ರದಿಂದ ನಿರ್ಣಯಿಸುವ ದಾರಿಗೆ ಬುನಾದಿಯಾದ ಪ್ರಬಂಧವನ್ನು 1909ರಲ್ಲಿ ಪ್ರಕಟಿಸಿದನು. ತರುವಾಯ 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬಾತನು ನಂಬಲಾರದಷ್ಟು ಸರಳವಾದ ಒಂದು ಸೂತ್ರಕ್ಕೆ ಸಾಧನೆ ಒದಗಿಸಿದನು: ಕಾಯುತ್ತಿರುವವರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಬಂದು ಸೇರುವವರ ಸಂಖ್ಯೆಯನ್ನು ಒಬ್ಬೊಬ್ಬನೂ ಕಾಯುವ ನಿಮಿಷಗಳಿಂದ ಗುಣಿಸಿದಷ್ಟು. ನ್ಯಾಯಬೆಲೆ ಅಂಗಡಿಯ ಗುಮಾಸ್ತನೂ ಇದನ್ನು ಅನುಭವದಿಂದ ಬಲ್ಲನು. ಸಾಧಿಸಿ ತೋರಿಸಲು ಮಾತ್ರ ಶಾಸ್ತ್ರಜ್ಞನೇ ಬೇಕಾಯಿತು. ಎರ್ಲಾಂಗನ ಊರಾದ ಕೋಪನ್‌ಹೇಗನ್ನಿನಲ್ಲಿಯೇ, ಅವನ ಪ್ರಬಂಧಕ್ಕೆ ನೂರು ವರ್ಷ ತುಂಬಿದ ಮರುವರ್ಷ, 2010ರಲ್ಲಿ, ಅನ್ಯರ ಮಳಿಗೆಗಳಿಗೆ ನಿರೀಕ್ಷಣಾ ಸಾಲುಗಳನ್ನು ಕಟ್ಟಿಕೊಡುವುದನ್ನೇ ವ್ಯಾಪಾರವಾಗಿ ಮಾಡಿಕೊಂಡ ಕ್ಯೂ-ಇಟ್ ಎಂಬ ಕಂಪನಿ ತಲೆಯೆತ್ತಿತು.

ಭಾರತದ ಸಾಮಾನ್ಯ ಜನರು ಯಂತ್ರದ ಸಾಲನ್ನು ಮೊದಲು ಕಂಡುದು ರೈಲ್ವೆಯಲ್ಲಿ. ದಪ್ಪ ಲೆಡ್ಜರುಗಳಲ್ಲಿ ಹೆಸರು ಬರೆಯುತ್ತಿದ್ದ ಕಾಲದಲ್ಲಿ ಒಂದೊಂದು ರೈಲಿಗೆ ಒಂದೊಂದು ಕಿಟಕಿ. ತಪ್ಪು ಕಿಟಕಿಯ ಮುಂದೆ ಗಂಟೆಗಟ್ಟಲೆ ನಿಂತವನು ಮತ್ತೆ ಮೊದಲಿನಿಂದ ನಿಲ್ಲಬೇಕಾಗಿದ್ದಿತು. 1986ರಲ್ಲಿ ದೆಹಲಿಯಲ್ಲಿ ಗಣಕೀಕೃತ ಮುಂಗಡ ಕಾಯ್ದಿರಿಸುವಿಕೆ ಆರಂಭವಾಗಿ, ಕ್ರಮೇಣ ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೆಟ್ಟಾದರೂ ದೊರೆಯುವಂತಾಯಿತು. ವೆಯ್ಟಿಂಗ್ ಲಿಸ್ಟ್, ಆರ್‌ಎಸಿ ಎಂಬ ಪದಗಳು ಓದುಬರಹ ಬಾರದವರ ಬಾಯಿಗೂ ಬಂದವು. 1997ರಲ್ಲಿ ತತ್ಕಾಲ್ ಬಂದಿತು. ಲೈಟ್ನಿಂಗ್ ಟ್ರಂಕ್ ಕಾಲಿನ ಹತ್ತಿರದ ಸಂಬಂಧಿಯೆಂದು ಅದನ್ನು ಹೇಳಬಹುದು. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿಯ ತಾಣದಲ್ಲಿ ಟಿಕೆಟ್ ಮಾರಾಟ ಆರಂಭವಾದಾಗ, ಸಾಲು ಅಳಿದೇಹೋಯಿತೆಂದು ನಂಬಿದವರಿದ್ದರು. ಅಳಿದುದು ಬೆಳಗಿನ ಜಾವ ನಿಲ್ದಾಣದ ಮುಂದೆ ಕಂಬಳಿ ಹೊದ್ದು ಮಲಗುತ್ತಿದ್ದ ಸಾಲು ಮಾತ್ರ. ಅದರಲ್ಲಿ ಇದ್ದವರು, ಅವರ ಸಂಗಡ ಎಂದೂ ಸಾಲಿಗೆ ಬಾರದಿದ್ದ ಹತ್ತುಪಟ್ಟು ಜನರು, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಗುಂಡಿಯನ್ನು ಒತ್ತಲಾರಂಭಿಸಿದರು. ಪರದೆಯ ಮೇಲೆ ಒಂದು ವೃತ್ತ ಸುತ್ತುತ್ತಲೇ ಇರುತ್ತಿದ್ದಿತು. 2014ರ ಏಪ್ರಿಲಿನಲ್ಲಿ ಹೊಸ ವ್ಯವಸ್ಥೆ ಬಂದು, ನಿಮಿಷಕ್ಕೆ ಎರಡು ಸಾವಿರವಿದ್ದ ಟಿಕೆಟ್ಟಿನ ಸಾಮರ್ಥ್ಯ 7,200ಕ್ಕೆ ಏರಿತು. ಹಳೆಯ ಕಾಲದ ಲೆಡ್ಜರಿನ ಗುಮಾಸ್ತನು ಈ ಸಂಖ್ಯೆ ಕೇಳಿದ್ದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದನು. ತತ್ಕಾಲ್ ಗಿರಾಕಿಗೆ ಮಾತ್ರ ಅದು ಸಾಲಲಿಲ್ಲ.

ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ಎರಡು ಪ್ರಸಂಗಗಳು ಈ ಇತಿಹಾಸದಲ್ಲಿ ನಿಂತು ನೋಡತಕ್ಕವು. ಕೋರಮಂಗಲದ ಒಂದು ಫ್ಲ್ಯಾಟಿನಲ್ಲಿ 2007ರಲ್ಲಿ ಪುಸ್ತಕ ಮಾರುವ ತಾಣವಾಗಿ ಹುಟ್ಟಿದ್ದ ಫ್ಲಿಪ್‌ಕಾರ್ಟ್, ಚೀನಾದ ಶವೋಮಿ ಕಂಪನಿಯ ‘ಮಿ 3’ ಫೋನನ್ನು 2014ರ ಜುಲೈ 22ರಂದು, ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರವೆಂಬ ನಿಯಮದೊಡನೆ ಮಾರಾಟಕ್ಕಿಟ್ಟಿತು. ಬೆಲೆ 13,999 ರೂಪಾಯಿ. ನೋಂದಾಯಿಸಿದವರು ಲಕ್ಷಕ್ಕೂ ಮೇಲೆ, ತಾಣ ಕುಸಿಯಿತು, ಏಳುತ್ತ ಬೀಳುತ್ತ ಸುಮಾರು ನಲವತ್ತು ನಿಮಿಷದಲ್ಲಿ ಸರಕು ಮುಗಿಯಿತು. ಮುಂದಿನ ವಾರ ಅದೇ ಫೋನು ಐದು ಸೆಕೆಂಡಿನಲ್ಲಿ ಖರ್ಚಾಯಿತು. ಅದರ ಮುಂದಿನ ವಾರ ಎರಡು ಸೆಕೆಂಡಿನಲ್ಲಿ. ಸೆಪ್ಟೆಂಬರ್ 2ರಂದು 5,999 ರೂಪಾಯಿಯ ‘ರೆಡ್‌ಮಿ 1ಎಸ್’ ಫೋನುಗಳು ನಲವತ್ತು ಸಾವಿರವೂ 4.2 ಸೆಕೆಂಡಿನಲ್ಲಿ ಮಾರಿಹೋದವೆಂದು ಹೆಮ್ಮೆಯಿಂದ ಸಾರಲಾಯಿತು. ವ್ಯಾಪಾರದ ಚರಿತ್ರೆಯಲ್ಲಿ ಅಂಗಡಿಯು ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಅದರ ಕೀರ್ತಿ ಹೆಚ್ಚುವ ಈ ಬಗೆ ಅಪೂರ್ವವಾದುದು.

ಎರಡನೆಯದು ಅಕ್ಟೋಬರ್ 6ರ ‘ಬಿಗ್ ಬಿಲಿಯನ್ ಡೇ’. ತಾವು ವ್ಯಾಪಾರ ಆರಂಭಿಸಿದ ಫ್ಲ್ಯಾಟಿನ ಸಂಖ್ಯೆ 610 ಆಗಿದ್ದುದರಿಂದ ಹತ್ತನೆಯ ತಿಂಗಳ ಆರನೆಯ ದಿನವನ್ನು ಆರಿಸಿಕೊಂಡೆವೆಂದು ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಹೇಳಿದ್ದರು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಿತು. ಹತ್ತು ಗಂಟೆಗಳಲ್ಲಿ ಆರುನೂರು ಕೋಟಿ ರೂಪಾಯಿಯ ವ್ಯಾಪಾರವಾಯಿತೆಂದು ಕಂಪನಿ ತಿಳಿಸಿತು. ಆದರೆ ಬುಟ್ಟಿಗೆ ಹಾಕಿದ ಪದಾರ್ಥ ಹಣ ಕೊಡುವ ವೇಳೆಗೆ ಮಾಯವಾಗುವುದು, ಆರ್ಡರು ಸ್ವೀಕೃತವಾಗಿ ಮತ್ತೆ ರದ್ದಾಗುವುದು, ತಾಣವೇ ತೆರೆಯದಿರುವುದು, ಇವುಗಳಿಂದ ಜನ ಕೆರಳಿದರು. ಮರುದಿನ ಸ್ಥಾಪಕರಿಬ್ಬರೂ ಗ್ರಾಹಕರಿಗೆ ಕ್ಷಮಾಪಣೆಯ ಪತ್ರ ಬರೆದರು. ಸುಮಾರು ಐದು ಸಾವಿರ ಸರ್ವರುಗಳನ್ನು ಹೂಡಿ ಎಂದಿನ ಇಪ್ಪತ್ತರಷ್ಟು ಜನಸಂದಣಿಗೆ ಸಿದ್ಧರಾಗಿದ್ದರೂ ಬಂದವರು ಅದಕ್ಕೂ ಮಿಗಿಲಾಗಿದ್ದರೆಂದು ಅದರಲ್ಲಿ ಒಪ್ಪಿಕೊಂಡರು.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಬಿಡಿಸಿ ಹೇಳಬೇಕು. ಮಳಿಗೆಯ ಮುಂಬಾಗಿಲುಗಳನ್ನು, ಅಂದರೆ ಸರ್ವರುಗಳನ್ನು, ಐದು ಸಾವಿರವಾದರೂ ಮಾಡಬಹುದು. ಆದರೆ ಎಷ್ಟು ಸರಕು ಉಳಿದಿದೆಯೆಂಬ ಲೆಕ್ಕದ ಪುಸ್ತಕ ಕೊನೆಗೂ ಒಂದೇ. ಕಟ್ಟಕಡೆಯ ಫೋನನ್ನು ಇಬ್ಬರು ಒಂದೇ ಕ್ಷಣದಲ್ಲಿ ಬೇಡಿದರೆ, ಒಬ್ಬನ ಹೆಸರಿಗೆ ಅದನ್ನು ಬರೆಯುವವರೆಗೆ ಪುಸ್ತಕದ ಆ ಸಾಲಿಗೆ ಬೀಗ ಹಾಕಿ ಮತ್ತೊಬ್ಬನನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಇಲ್ಲದ ಫೋನು ಮಾರಾಟವಾಗಿಹೋಗುತ್ತದೆ. ಅದರಾಚೆಗೆ ಬ್ಯಾಂಕಿನ ಬಾಗಿಲು; ಓಟಿಪಿ ಕಳುಹಿಸಿ, ಅದು ಮರಳಿ ಬಂದು, ಹಣ ಸಂದಾಯವಾಗುವಷ್ಟು ಹೊತ್ತು ಆ ಸರಕು ಇತ್ತ ಮಾರಿದ್ದೂ ಅಲ್ಲ, ಅತ್ತ ಮಾರದಿದ್ದುದೂ ಅಲ್ಲ. ಇಷ್ಟರ ನಡುವೆ ಹೊರಗೆ ನಿಂತವನು ತಾಳ್ಮೆಗೆಟ್ಟು ಪುಟವನ್ನು ರಿಫ್ರೆಶ್ ಮಾಡುತ್ತಾನೆ. ಪ್ರತಿಯೊಂದು ರಿಫ್ರೆಶ್ಶೂ ಯಂತ್ರದ ದೃಷ್ಟಿಯಲ್ಲಿ ಹೊಸದಾಗಿ ಬಂದ ಗಿರಾಕಿಯೇ. ಹೀಗೆ ಒಬ್ಬನು ಹತ್ತು ಮಂದಿಯಾಗಿ, ಹತ್ತು ಮಂದಿ ನೂರಾಗಿ, ತಾವೇ ಸೃಷ್ಟಿಸಿದ ಜನಜಂಗುಳಿಯಲ್ಲಿ ತಾವೇ ಉಸಿರುಗಟ್ಟುತ್ತಾರೆ.

ನಿರೀಕ್ಷಣಾ ಕೊಠಡಿಯ ಉಪಾಯವು ಈ ರೋಗಕ್ಕೆ ಸರಿಯಾದ ಮದ್ದು. ಬಂದವನನ್ನು ಮಳಿಗೆಯ ಸಮೀಪಕ್ಕೇ ಬಿಡದೆ, ಬೇರೆಡೆ ಇರಿಸಿದ ತೀರ ಹಗುರವಾದ ಒಂದು ಪುಟಕ್ಕೆ ತಿರುಗಿಸಿಬಿಡುತ್ತಾರೆ. ಅಲ್ಲಿ ಅವನ ಬ್ರೌಸರಿನೊಳಗೆ ಒಂದು ಗುರುತು ಇಡಲಾಗುತ್ತದೆ. ಅದು ಸಹಿ ಮಾಡಿದ ಚೀಟಿಯಂಥದಾದುದರಿಂದ ಖೋಟಾ ಮಾಡಲು ಬಾರದು. ಪುಟವು ತಾನೇ ಆಗಾಗ “ನನ್ನ ಸರದಿ ಬಂದಿತೆ?” ಎಂದು ವಿಚಾರಿಸಿಕೊಳ್ಳುತ್ತಿರುವುದರಿಂದ ರಿಫ್ರೆಶ್ ಮಾಡುವ ಅಗತ್ಯವಿಲ್ಲ, ಬ್ರೌಸರನ್ನು ಮುಚ್ಚಿ ತೆರೆದರೂ ಸ್ಥಾನ ಸಾಮಾನ್ಯವಾಗಿ ಉಳಿದಿರುತ್ತದೆ. ಮಳಿಗೆಯ ಇಂಜಿನಿಯರನು ತನ್ನ ಪರದೆಯಲ್ಲಿ ನಿಮಿಷಕ್ಕೆ ಇಂತಿಷ್ಟು ಜನರೆಂದು ಅಂಕೆ ಹಾಕಿ, ಬ್ಯಾಂಕಿನ ಕಡೆ ಸಾವಕಾಶವಾದಂತೆ ತೋರಿದರೆ ಇಳಿಸುತ್ತಾನೆ, ಸರಾಗವಾದರೆ ಏರಿಸುತ್ತಾನೆ. ನಿಮಿಷಕ್ಕೆ ಐನೂರು ಮಂದಿಯನ್ನು ಬಿಡಬಲ್ಲ ಮಳಿಗೆಗೆ ಅರುವತ್ತು ಸಾವಿರ ಜನ ಬಂದರೆ ಕೊನೆಯವನು ಎರಡು ಗಂಟೆ ಕಾಯಬೇಕು. ಆದರೆ ಮಳಿಗೆ ಬೀಳುವುದಿಲ್ಲ, ಮತ್ತು ಕಾಯುವವನಿಗೆ ತನ್ನ ಎರಡು ಗಂಟೆಗಳ ಲೆಕ್ಕ ಸಿಕ್ಕುತ್ತದೆ. ಪರದೆಯ ಮೇಲೆ ಒಂದು ಪಟ್ಟಿ, ಅದರ ಮೇಲೆ ಹೆಜ್ಜೆ ಹಾಕುತ್ತಿರುವ ಒಂದು ಪುಟ್ಟ ಮನುಷ್ಯನ ಆಕೃತಿ. ಆ ಆಕೃತಿಯ ಕಾಲು ಒಂದಿಷ್ಟು ಸರಿದರೆ ನಮಗಾಗುವ ಸಂತೋಷ ನಗೆಗೀಡಾದುದಾದರೂ ಸುಳ್ಳಲ್ಲ.

ಇಷ್ಟೆಲ್ಲ ಏರ್ಪಾಡಾದ ಮೇಲೂ ಒಂದು ವೈಷಮ್ಯ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಈ ಕಥೆಯ ಮರ್ಮವಿರುವುದು ಅಲ್ಲಿಯೇ. ಹಳೆಯ ಸಾಲಿನಲ್ಲಿ ನಿಲ್ಲುವುದಕ್ಕೆ ಬೆಲೆ ತೆರಬೇಕಾಗಿದ್ದಿತು: ಒಂದು ರಾತ್ರಿಯ ನಿದ್ದೆ, ಒಂದು ದಿನದ ಕೂಲಿ, ಮೊಣಕಾಲಿನ ನೋವು. ಆ ಬೆಲೆಯನ್ನು ತೆರಲಾರದವರು, ಅಷ್ಟಾಗಿ ಬೇಕಿಲ್ಲದವರು ಮನೆಯಲ್ಲಿ ಉಳಿಯುತ್ತಿದ್ದುದರಿಂದ ಸಾಲು ತನ್ನಷ್ಟಕ್ಕೆ ತಾನೇ ಮಿತವಾಗಿರುತ್ತಿದ್ದಿತು. ಹೊಸ ಸಾಲಿನಲ್ಲಿ ನಿಲ್ಲುವುದು ಪುಕ್ಕಟೆ. ಬೇಕಾದವನೂ ನಿಲ್ಲುತ್ತಾನೆ, ಬೇಡವಾದವನೂ ನೋಡಿಯೇಬಿಡೋಣವೆಂದು ನಿಲ್ಲುತ್ತಾನೆ. ಒಬ್ಬನೇ ಫೋನಿನಲ್ಲೊಂದು, ಲ್ಯಾಪ್‌ಟಾಪಿನಲ್ಲೊಂದು, ಹೆಂಡತಿಯ ಹೆಸರಿನಲ್ಲೊಂದು, ಭಾವಮೈದುನನ ಹೆಸರಿನಲ್ಲೊಂದು ಸ್ಥಾನ ಹಿಡಿಯುತ್ತಾನೆ. 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ ಹನ್ನೆರಡಕ್ಕೆ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ನವಿ ಮುಂಬಯಿಯ ಕಚೇರಿಗಳಿಗೆ ಬುಕ್‌ಮೈಶೋ ಟಿಕೆಟ್ ಮಾರಲು ಆರಂಭಿಸಿದಾಗ 1.3 ಕೋಟಿ ಜನ ಬಂದಿದ್ದರೆಂದು ಆ ಕಂಪನಿಯೇ ಹೇಳಿತು. ಮೂರು ರಾತ್ರಿಯ ಕಚೇರಿಗಳಿಗೆ ಒಂದು ಕ್ರೀಡಾಂಗಣದಲ್ಲಿ ಹಿಡಿಯುವವರೆಷ್ಟು ಮಂದಿ? “ನಿಮ್ಮ ಮುಂದೆ ಏಳು ಲಕ್ಷ ಜನರಿದ್ದಾರೆ” ಎಂಬಂಥ ಸೂಚನೆಯನ್ನು ಓದಿಯೂ ಪರದೆಯನ್ನು ಮುಚ್ಚದೆ ಕುಳಿತವರಿದ್ದರಲ್ಲ, ಅವರ ಆಶಾವಾದಕ್ಕೆ ಯಾವ ಶಾಸ್ತ್ರದಲ್ಲಿ ಸೂತ್ರವುಂಟೋ ತಿಳಿಯೆ.

ಬಿಟ್ಟಿ ಸಾಲಿಗೆ ಬಾಡಿಗೆಯ ಹುಡುಗರೂ ಬಂದರು. ಕೆಂಪೇಗೌಡ ರಸ್ತೆಯಲ್ಲಿ ಹತ್ತು ಮಂದಿ ಮಾಡುತ್ತಿದ್ದ ಕೆಲಸವನ್ನು ‘ಬಾಟ್’ ಎಂಬ ತಂತ್ರಾಂಶವೊಂದು ಹತ್ತು ಸಾವಿರ ಹೆಸರುಗಳಲ್ಲಿ ಮಾಡುತ್ತದೆ. ಅದಕ್ಕೆ ಬೀಡಿಯೂ ಬೇಡ, ಚಹವೂ ಬೇಡ. ಅಮೆರಿಕದವರು 2016ರಲ್ಲಿ ಇದರ ವಿರುದ್ಧ ಪ್ರತ್ಯೇಕ ಕಾನೂನನ್ನೇ ಮಾಡಿದರು. ಆದರೂ 2022ರ ನವೆಂಬರಿನಲ್ಲಿ ಟೇಲರ್ ಸ್ವಿಫ್ಟ್ ಎಂಬ ಗಾಯಕಿಯ ಸಂಗೀತಯಾತ್ರೆಗೆ ಟಿಕೆಟ್‌ಮಾಸ್ಟರ್ ಕಂಪನಿ ಟಿಕೆಟ್ ಮಾರಹೊರಟಾಗ, ಮೊದಲೇ ಹೆಸರು ಕೊಟ್ಟ ಮೂವತ್ತೈದು ಲಕ್ಷ ಅಭಿಮಾನಿಗಳಿಗೆ ಪ್ರತಿಯಾಗಿ ತಮ್ಮ ಯಂತ್ರಗಳಿಗೆ ಬಂದು ಬಡಿದ ಕೋರಿಕೆಗಳು 350 ಕೋಟಿಯೆಂದು ಕಂಪನಿ ಹೇಳಿತು. ಸಾರ್ವಜನಿಕ ಮಾರಾಟವನ್ನೇ ರದ್ದುಗೊಳಿಸಬೇಕಾಯಿತು; ಮರುವರ್ಷದ ಜನವರಿಯಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿ ವಿಚಾರಣೆಗೆ ಕುಳಿತಿತು. ಸಂಗೀತದ ಟಿಕೆಟ್ಟಿನ ಸಾಲೊಂದು ಶಾಸನಸಭೆಯವರೆಗೆ ಚಾಚಿದ ನಿದರ್ಶನ ಅಪರೂಪವೇ ಸರಿ.

ನಮ್ಮಲ್ಲಿ ಈ ವ್ಯಾಧಿಯನ್ನು ತೀರ ನಿಷ್ಠುರವಾಗಿ ಎದುರಿಸಿದುದು ಪುನಃ ರೈಲ್ವೆಯೇ. ತತ್ಕಾಲ್ ತೆರೆಯುವ ಮೊದಲ ಐದು ನಿಮಿಷಗಳಲ್ಲಿ ಒಳಬರಲು ಪ್ರಯತ್ನಿಸುವವರಲ್ಲಿ ಅರ್ಧದಷ್ಟು ಬಾಟ್‌ಗಳೇ ಇರುವುದುಂಟೆಂದು 2025ರಲ್ಲಿ ಪ್ರಕಟಿಸಿದ ಸರ್ಕಾರವು, ಶಂಕೆಗೆಡೆಯಾದ ಎರಡೂವರೆ ಕೋಟಿ ಬಳಕೆದಾರ ಖಾತೆಗಳನ್ನು ನಿಷ್ಕ್ರಿಯಗೊಳಿಸಿತು. ಆ ವರ್ಷದ ಜುಲೈ 1ರಿಂದ ಆಧಾರ್ ದೃಢೀಕರಣವಿಲ್ಲದವನು ತಾಣದಲ್ಲಿ ತತ್ಕಾಲ್ ಟಿಕೆಟ್ ಕೊಳ್ಳುವಂತಿಲ್ಲವೆಂದೂ, ಮೊದಲ ಅರ್ಧ ಗಂಟೆ ಏಜೆಂಟರು ಮುಟ್ಟುವಂತಿಲ್ಲವೆಂದೂ ನಿಯಮವಾಯಿತು. ಅಂಗಡಿಯ ಮುಂದೆ ಹಿಂದಿನ ಡಬ್ಬದಾಕೆ ಬಿಟ್ಟಿಯಾಗಿ ನುಡಿಯುತ್ತಿದ್ದ ಸಾಕ್ಷ್ಯವನ್ನು ಈಗ ಬೆರಳಚ್ಚು ಕೊಟ್ಟು ಪಡೆದ ಹನ್ನೆರಡು ಅಂಕಿಗಳಿಂದ ಹೇಳಿಸಬೇಕಾಗಿದೆ. ಇದನ್ನು ನಾನು ದೂಷಿಸುತ್ತಿಲ್ಲ. ನೆರೆಯವರೇ ಇಲ್ಲದ ಸಾಲಿನಲ್ಲಿ ಮನುಷ್ಯನು ಮನುಷ್ಯನೇ ಎಂಬುದಕ್ಕೂ ಪ್ರಮಾಣ ಬೇಕಾಗುವುದು ಸಹಜ.

ಇನ್ನೊಂದು ವಿಷಯವನ್ನು ಗಿರಾಕಿಗಳಲ್ಲಿ ಅನೇಕರು ಅರಿಯರು. ಮಾರಾಟ ಹತ್ತು ಗಂಟೆಗೆಂದಿದ್ದರೆ ಒಂಬತ್ತೂವರೆಗೇ ಬಂದು ಕುಳಿತವನಿಗೂ ಒಂಬತ್ತು ಐವತ್ತೊಂಬತ್ತಕ್ಕೆ ಬಂದವನಿಗೂ ಅನೇಕ ನಿರೀಕ್ಷಣಾ ಕೊಠಡಿಗಳಲ್ಲಿ ಭೇದವಿಲ್ಲ. ಗಂಟೆ ಹೊಡೆದೊಡನೆ ಅಲ್ಲಿರುವವರನ್ನೆಲ್ಲ ಯಂತ್ರವು ಇಸ್ಪೀಟಿನಂತೆ ಕಲಸಿ, ಯಾದೃಚ್ಛಿಕವಾಗಿ ಸಂಖ್ಯೆಗಳನ್ನು ಹಂಚುತ್ತದೆ. ಹತ್ತರ ಅನಂತರ ಬಂದವರು ಮಾತ್ರ ಬಂದ ಕ್ರಮದಲ್ಲಿ ಹಿಂದೆ ಸೇರುತ್ತಾರೆ. ಇದಕ್ಕೆ ಕಾರಣವೂ ನ್ಯಾಯವಾದುದೇ. ಒಂದೇ ಸೆಕೆಂಡಿನಲ್ಲಿ ಲಕ್ಷ ಜನ ಬಂದಾಗ ಯಾರು ಮೊದಲೆಂಬುದನ್ನು ಅವರ ಶ್ರದ್ಧೆ ನಿರ್ಣಯಿಸುವುದಿಲ್ಲ, ಅವರ ಮನೆಯ ಇಂಟರ್‌ನೆಟ್ ತಂತಿ ನಿರ್ಣಯಿಸುತ್ತದೆ. ವೈಟ್‌ಫೀಲ್ಡಿನ ಫೈಬರಿಗೂ ಮಲೆನಾಡಿನ ಒಂದು ಗೆರೆಯ ಸಿಗ್ನಲ್ಲಿಗೂ ಓಟದ ಪಂದ್ಯ ಏರ್ಪಡಿಸುವುದು ಯಾವ ಧರ್ಮ? ಆದುದರಿಂದ ಕಲಸುವುದೇ ಮೇಲು. ಆದರೆ ಕಲಸಿದ ಮೇಲೆ ಅದು ಸಾಲಲ್ಲ, ಸಾಲಿನ ವೇಷ ಧರಿಸಿದ ಲಾಟರಿ.

ಈ ವೇಷವನ್ನೂ ಕಳಚಿಹಾಕಿದವರು ಉಂಟು. ತಿರುಮಲೆಯಲ್ಲಿ ಅತಿ ವಿರಳವಾದ ಆರ್ಜಿತ ಸೇವೆಗಳಿಗೆ ಈಗ ಸಾಲೇ ಇಲ್ಲ. ಹೆಸರು ನೋಂದಾಯಿಸಿಕೊಂಡವರ ನಡುವೆ ‘ಎಲೆಕ್ಟ್ರಾನಿಕ್ ಡಿಪ್’ ಎತ್ತಿ, ಹೆಸರು ಬಂದವರಿಗೆ ಸಂದೇಶ ಕಳುಹಿಸುತ್ತಾರೆ. ಸುಪ್ರಭಾತ ಸೇವೆ ಸಿಕ್ಕದ ಭಕ್ತನು “ಸ್ವಾಮಿ ಈ ಸಲ ಕರೆಯಲಿಲ್ಲ” ಎಂದು ಕೈಮುಗಿದು ಮುಂದಿನ ತಿಂಗಳು ಮತ್ತೆ ಹೆಸರು ಕೊಡುತ್ತಾನೆ. ವ್ಯಾಪಾರಿಗೆ ಈ ಅನುಕೂಲವಿಲ್ಲ. ಫೋನು ಸಿಕ್ಕದ ಗಿರಾಕಿ ವ್ಯಾಪಾರಿಯು ತನ್ನನ್ನು ಕರೆಯಲಿಲ್ಲವೆಂದು ಕೈಮುಗಿಯುವುದಿಲ್ಲ. ಚೀಟಿ ಎತ್ತಿದವರಾರು, ಬಟ್ಟಲಿನಲ್ಲಿ ತನ್ನ ಚೀಟಿ ಇದ್ದಿತೆ, ಮೊದಲೇ ಯಾರಿಗೋ ಕೊಟ್ಟುಬಿಟ್ಟಿದ್ದರೆ ಎಂದು ಮೊದಲಾಗಿ ಕೇಳುತ್ತಾನೆ. ಆದರೆ ಅದೇ ಗಿರಾಕಿಗೆ ನಲವತ್ತೆಂಟು ಸಾವಿರದ ಮುನ್ನೂರ ಹನ್ನೆರಡನೆಯವನೆಂಬ ಸ್ಥಾನವನ್ನು ಕೊಟ್ಟು, ಮುಕ್ಕಾಲು ಗಂಟೆ ಕೂರಿಸಿ, ನಿಧಾನವಾಗಿ ಸರಿಯುವ ಪಟ್ಟಿಯನ್ನು ತೋರಿಸಿ, ಕೊನೆಗೆ ಸರಕು ಮುಗಿಯಿತೆಂದು ಹೇಳಿದರೆ, ಗೊಣಗಿಕೊಂಡಾದರೂ ಒಪ್ಪಿಕೊಂಡು ಎದ್ದುಹೋಗುತ್ತಾನೆ. ಮಳಿಗೆಗಳು ಚೀಟಿಯನ್ನು ಒಳಗೆ ಎತ್ತಿ ಸಾಲನ್ನು ಹೊರಗೆ ತೋರಿಸುವುದನ್ನು ಇನ್ನೂ ಬಿಡದಿರುವುದು ಇದಕ್ಕಾಗಿಯೇ.